ಕಡಿಮೆ ದುಡ್ಡಿಗೆ ಒಳ್ಳೆ ಎಲೆಕ್ಟ್ರಿಕ್ ಗಿಟಾರ್, ಮನೆಗೊಂದು ಪುಟ್ಟ ಆಂಪ್: ಹುಡುಕುವುದು ಹೇಗೆ?

ನನ್ನ ಮೊದಲ ಎಲೆಕ್ಟ್ರಿಕ್ ಗಿಟಾರ್ ಕೆಂಪು ಬಣ್ಣದ್ದು. ಗಿಟಾರ್, ಅದರ ಸದ್ದನ್ನು ಜೋರು ಮಾಡುವ ಆಂಪ್, ಬ್ಯಾಗ್, ಬೆಲ್ಟ್, ಕೇಬಲ್ ಎಲ್ಲ ಒಂದೇ ಡಬ್ಬದಲ್ಲಿ, ಒಂದೇ ಬೆಲೆಗೆ ಬಂದಿತ್ತು. ಫಳಫಳ ಹೊಳೆಯುತ್ತಿತ್ತು. ಅಂಗಡಿಯವರು ಒಂದು ಕಾರ್ಡ್ (ಕೆಲವು ಸ್ವರಗಳು ಒಟ್ಟಿಗೆ) ನುಡಿಸಿ ತೋರಿಸಿದರು, ನಾನು ದುಡ್ಡು ಎಣಿಸಿ ಕೊಟ್ಟು ಬಂದೆ. ಮನೆಗೆ ಬಂದು ನೋಡಿದರೆ ಏಳನೇ ಫ್ರೆಟ್ (ಬೆರಳೊತ್ತುವ ಪಟ್ಟಿಯ ಮೇಲಿನ ಲೋಹದ ಮೆಟ್ಟಿಲು) ದಾಟುತ್ತಿದ್ದ ಹಾಗೆ ತಂತಿ ಝರ್ ಎನ್ನುತ್ತಿತ್ತು. ಎಂಟು ತಿಂಗಳು ನನ್ನ ಬೆರಳನ್ನೇ ಬೈದುಕೊಂಡೆ. ಕೊನೆಗೆ ಗಿಟಾರ್ ರಿಪೇರಿ ಮಾಡುವ ಹಿರಿಯರೊಬ್ಬರು ಅದನ್ನು ಬಂದೂಕು ಗುರಿಯಿಟ್ಟ ಹಾಗೆ ಕಣ್ಣಿಗೆ ಹಿಡಿದು ನೋಡಿದರು. ಎರಡು ಸೆಕೆಂಡು ಅಷ್ಟೇ. "ಇದರ ಕತ್ತೇ ತಿರುಚಿಕೊಂಡಿದೆ ಮಾರಾಯಾ, ನಿನ್ನ ಬೆರಳಿಗೇನೂ ಆಗಿಲ್ಲ" ಅಂದರು.

ಅವತ್ತಿನಿಂದ ಗಿಟಾರ್ ಕೊಳ್ಳುವವರಿಗೆ ನಾನು ಹೇಳುವುದು ಒಂದೇ ಮಾತು. ಆಮೇಲೆ ಬದಲಾಯಿಸಲು ಆಗದ್ದನ್ನು ಮೊದಲು ನೋಡಿ. ತಂತಿ, ಬಿರಡೆ, ತಂತಿಯ ಕಂಪನವನ್ನು ಹಿಡಿಯುವ ಪಿಕಪ್, ಒಳಗಿನ ವೈರು, ಇವನ್ನೆಲ್ಲ ದುಡ್ಡು ಬಂದಾಗ ಒಂದೊಂದಾಗಿ ಬದಲಾಯಿಸಬಹುದು. ನೆಕ್, ಅಂದರೆ ಗಿಟಾರಿನ ಕತ್ತು, ಮತ್ತು ಅದರ ಮೇಲಿನ ಫ್ರೆಟ್‌ಗಳು ಹಾಗಲ್ಲ. ವೀಣೆಯಲ್ಲಿ 24 ಮೆಟ್ಟಿಲುಗಳೂ ಮೇಣದ ಮೇಲೆ ಕೂತಿರುತ್ತವೆ. ಮೇಣ ಸಡಿಲವಾದರೆ ಹೊಸದಾಗಿ ಕೂರಿಸಿಕೊಡುತ್ತಾರೆ. ಗಿಟಾರಿನ ಫ್ರೆಟ್ ಮರಕ್ಕೆ ಬಡಿದು ಕೂರಿಸಿದ ಲೋಹ. ಎಲ್ಲವನ್ನೂ ಕಿತ್ತು ಹೊಸದು ಹಾಕಿಸಲು ಹೋದರೆ, ಅಗ್ಗದ ಗಿಟಾರಿನ ಬೆಲೆಯ ಹತ್ತಿರ ಹತ್ತಿರಕ್ಕೇ ಬಿಲ್ ಬರಬಹುದು.

1. ಮೊದಲು ದುಡ್ಡನ್ನು ಪಾಲು ಮಾಡಿ

ಎಲ್ಲರೂ ಮಾಡುವ ತಪ್ಪು ಒಂದೇ. ಇರುವ ದುಡ್ಡೆಲ್ಲ ಗಿಟಾರಿಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಆಂಪ್ ತರುವುದು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಕಿವಿಗೆ ಬೀಳುವ ನಾದದಲ್ಲಿ ಅರ್ಧ ಪಾಲು ಆಂಪ್‌ನದ್ದೇ. ಕೆಟ್ಟ ಆಂಪ್‌ನಲ್ಲಿ ಒಳ್ಳೆ ಗಿಟಾರ್ ಕೂಡ ತಗಡಿನ ಡಬ್ಬಿಯ ಹಾಗೆ ಕೇಳುತ್ತದೆ.

ನಿಮ್ಮ ಹತ್ತಿರ 25,000 ರೂಪಾಯಿ ಇದೆ ಅಂದುಕೊಳ್ಳಿ. ನಾನಾದರೆ ಗಿಟಾರಿಗೆ 16,000, ಆಂಪ್‌ಗೆ 6,000, ಸೆಟಪ್‌ಗೆ 1,500 ಇಟ್ಟು, ಉಳಿದ 1,500ರಲ್ಲಿ ಕೇಬಲ್, ಬೆಲ್ಟ್, ಒಂದು ಸೆಟ್ ಹೆಚ್ಚುವರಿ ತಂತಿ ಕೊಳ್ಳುತ್ತೇನೆ. ಸೆಟಪ್ ಅಂದರೆ ತಂತಿಯ ಎತ್ತರ, ಕತ್ತಿನ ಬಾಗು, ಶ್ರುತಿ ಇವನ್ನೆಲ್ಲ ತಿಳಿದವರಿಂದ ಸರಿ ಮಾಡಿಸುವುದು. ಈ 1,500 ಮಾತ್ರ ಕಡಿತ ಮಾಡಬೇಡಿ. ಕಾರ್ಖಾನೆಯಿಂದ ಹಡಗು ಹತ್ತಿ, ಗೋದಾಮಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಬಂದ ಗಿಟಾರ್ ಡಬ್ಬದಿಂದ ತೆಗೆದ ಕೂಡಲೇ ಸರಿಯಾಗಿ ನುಡಿಯುವುದು ಅದೃಷ್ಟ ಇದ್ದರೆ ಮಾತ್ರ.

15,000 ಅಷ್ಟೇ ಇದ್ದರೆ? ಸೆಕೆಂಡ್ ಹ್ಯಾಂಡ್ ಗಿಟಾರ್ ಹುಡುಕಿ, ಆಂಪ್ ಬದಲು ಹೆಡ್‌ಫೋನ್ ಆಂಪ್ ತಗೊಳ್ಳಿ. ಅದರ ವಿವರ ಮುಂದೆ ಇದೆ. ಎಲ್ಲ ಸೇರಿ ಏಳೆಂಟು ಸಾವಿರಕ್ಕೆ ಸಿಗುವ ಡಬ್ಬದ ಸೆಟ್ ಮಾತ್ರ ಬೇಡ. ನನ್ನ ಕೆಂಪು ಗಿಟಾರ್ ಅಂಥದ್ದೇ.

2. ಯಾವ ಜಾತಿಯ ಗಿಟಾರ್?

ಅಂಗಡಿಯಲ್ಲಿ ನೂರು ಆಕಾರ ನೇತುಹಾಕಿರುತ್ತಾರೆ. ಹೆಚ್ಚಿನವು ಮೂರು ಅಜ್ಜಂದಿರ ಮೊಮ್ಮಕ್ಕಳು: ಫೆಂಡರ್ ಕಂಪನಿಯ ಟೆಲಿಕ್ಯಾಸ್ಟರ್ ಮತ್ತು ಸ್ಟ್ರ್ಯಾಟೊಕ್ಯಾಸ್ಟರ್, ಗಿಬ್ಸನ್ ಕಂಪನಿಯ ಲೆಸ್ ಪಾಲ್. ಟೆಲಿಕ್ಯಾಸ್ಟರ್ 1950ರ ಆಸುಪಾಸಿನದ್ದು, ಲೆಸ್ ಪಾಲ್ 1952ರದ್ದು, ಸ್ಟ್ರ್ಯಾಟ್ 1954ರದ್ದು. ಫೆಂಡರ್ ಶುರು ಮಾಡಿದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ರಿಪೇರಿಯವರ ತಲೆ ಓಡುವ ರೀತಿಯಲ್ಲೇ ಅವರು ಕತ್ತನ್ನು ಸ್ಕ್ರೂ ಹಾಕಿ ಕೂರಿಸಿದರು. ಮಾಡುವುದೂ ಸುಲಭ, ಬಿಚ್ಚುವುದೂ ಸುಲಭ. ಇವತ್ತು ಫೆಂಡರ್ ಮಾದರಿಯ ಗಿಟಾರ್ ಕಡಿಮೆ ಬೆಲೆಯಲ್ಲೂ ಚೆನ್ನಾಗಿ ಬರುವುದಕ್ಕೆ ಇದೂ ಒಂದು ಕಾರಣ. ಹಾಗಾದರೆ ಕತ್ತನ್ನೂ ಬದಲಾಯಿಸಬಹುದಲ್ವಾ ಎಂದು ನೀವು ಕೇಳಬಹುದು. ಬದಲಾಯಿಸಬಹುದು, ಆದರೆ ಒಳ್ಳೆ ಕತ್ತನ್ನು ಬೇರೆಯಾಗಿ ತರಿಸುವ ದುಡ್ಡಿಗೆ ಇನ್ನೊಂದು ಗಿಟಾರೇ ಬರುತ್ತದೆ.

ಕೈಗೆ ತಿಳಿಯುವ ವ್ಯತ್ಯಾಸ ತಂತಿಯ ಉದ್ದದ್ದು. ಫೆಂಡರ್ ಮಾದರಿಯಲ್ಲಿ 648 ಮಿಲಿಮೀಟರ್, ಗಿಬ್ಸನ್ ಮಾದರಿಯಲ್ಲಿ ಸುಮಾರು 628. ಉದ್ದ ಕಡಿಮೆಯಾದರೆ ಅದೇ ಶ್ರುತಿಗೆ ತಂತಿಯ ಬಿಗಿ ಕಡಿಮೆ ಸಾಕು, ಎಳೆಯಲು ಬೆರಳಿಗೆ ಹಗುರ. ಕಿವಿಗೆ ತಿಳಿಯುವ ವ್ಯತ್ಯಾಸ ಪಿಕಪ್‌ನದ್ದು. ಪಿಕಪ್ ಅಂದರೆ ಆಯಸ್ಕಾಂತಕ್ಕೆ ಕೂದಲಿನಂಥ ತಾಮ್ರದ ತಂತಿ ಸುತ್ತಿದ ಸುರುಳಿ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಗಂಟೆಯ ಹಾಗೆ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಮನೆಯ 50 ಹರ್ಟ್ಜ್ ಕರೆಂಟಿನ ಗುಂಯ್ ಸದ್ದನ್ನೂ ಜೊತೆಗೆ ಹಿಡಿದು ತರುತ್ತದೆ. ಎರಡು ಸುರುಳಿಗಳನ್ನು ಉಲ್ಟಾ ಪಲ್ಟಾ ಜೋಡಿಸಿ, ಒಂದರ ಗುಂಯ್ ಇನ್ನೊಂದರ ಗುಂಯ್‌ ಅನ್ನು ಹೊಡೆದುಹಾಕುವ ಹಂಬಕರ್ ಅನ್ನು 1955ರಲ್ಲಿ ಗಿಬ್ಸನ್‌ನ ಸೆತ್ ಲವರ್ ರೂಪಿಸಿದರು. ಅದರ ನಾದ ದಪ್ಪ. ಡಿಸ್ಟಾರ್ಷನ್, ಅಂದರೆ ರಾಕ್ ಹಾಡುಗಳ ಆ ಒಡಕು ಸದ್ದು, ಹಾಕಿದಾಗ ತೂಕ ಬರುತ್ತದೆ.

ಮೊದಲ ಗಿಟಾರಿಗೆ ನನ್ನ ಸಲಹೆ ಎಚ್‌ಎಸ್‌ಎಸ್. ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ಲೋಹದ ಭಾಗ) ಹತ್ತಿರ ಒಂದು ಹಂಬಕರ್, ಮುಂದೆ ಎರಡು ಸಿಂಗಲ್ ಕಾಯಿಲ್. ಸಿನಿಮಾ ಹಾಡಿನ ಮೆಲುವಾದ ಕಾರ್ಡ್‌ಗಳೂ ಬರುತ್ತವೆ, ಮೆಟಲ್ ಕೂಡ ಬರುತ್ತದೆ. 2011ರಲ್ಲಿ ಮೆಟಾಲಿಕಾ ಬೆಂಗಳೂರಿಗೆ ಬಂದಾಗ ಅರಮನೆ ಮೈದಾನದಲ್ಲಿ ನಿಂತು ಕೇಳಿದವರಿಗೆ ಹಂಬಕರ್ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಒಂದು ವಿಷಯದಿಂದ ದೂರ ಇರಿ. ತಂತಿಗಳನ್ನು ಎರಡೂ ಕಡೆ ಬೀಗ ಹಾಕಿ ಹಿಡಿಯುವ ಫ್ಲಾಯ್ಡ್ ರೋಸ್ ಬ್ರಿಡ್ಜ್. ದುಬಾರಿ ಗಿಟಾರಿನಲ್ಲಿ ಅದು ಅದ್ಭುತ. ಅಗ್ಗದ್ದರಲ್ಲಿ ಮೆತ್ತಗಿನ ಲೋಹದಿಂದ ಮಾಡಿರುತ್ತಾರೆ. ಒಂದು ತಂತಿ ಕಡಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಹೊಸಬರ ಇಡೀ ಭಾನುವಾರ ಅದಕ್ಕೇ ಹೋಗುತ್ತದೆ.

ಮರದ ಬಗ್ಗೆ ಅಂಗಡಿಯಲ್ಲಿ ಉಪನ್ಯಾಸ ಕೇಳಬೇಕಾಗಬಹುದು. ಈ ಬೆಲೆಯಲ್ಲಿ ಬಾಡಿ ಪಾಪ್ಲರ್ ಆದರೇನು, ಬಾಸ್‌ವುಡ್ ಆದರೇನು, ತಲೆ ಕೆಡಿಸಿಕೊಳ್ಳಬೇಡಿ. ಬೆರಳು ಓಡಾಡುವ ಪಟ್ಟಿಯ ಮರದ ಕತೆ ಮಾತ್ರ ನಮಗೆ ಹತ್ತಿರದ್ದು. ಗಿಟಾರ್ ಲೋಕದವರು ಇಂಡಿಯನ್ ರೋಸ್‌ವುಡ್ ಎಂದು ಕರೆಯುವುದು ನಮ್ಮ ಪಶ್ಚಿಮ ಘಟ್ಟದ ಬೀಟೆ ಮರವನ್ನೇ. 2017ರಲ್ಲಿ, ಅಳಿವಿನ ಭಯ ಇರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಡಿ ರೋಸ್‌ವುಡ್ ಜಾತಿಯ ಎಲ್ಲ ಮರಗಳ ಸಾಗಣೆಗೆ ಕಾಗದ ಪತ್ರ ಬೇಕು ಅಂತಾಯಿತು. ಕಂಪನಿಗಳು ಅಗ್ಗದ ಗಿಟಾರಿಗೆ ಇಂಡಿಯನ್ ಲಾರೆಲ್ ಹಾಕಲು ಶುರು ಮಾಡಿದವು. ಅದು ಯಾವುದು ಗೊತ್ತಾ? ನಮ್ಮ ಮತ್ತಿ ಮರ. ಮಲೆನಾಡಿನಲ್ಲಿ ಮನೆ ಕಟ್ಟಿದವರನ್ನು ಕೇಳಿ, ಮತ್ತಿ ಎಷ್ಟು ಗಟ್ಟಿ ಎಂದು ಅವರೇ ಹೇಳುತ್ತಾರೆ. ಹಾಗಾಗಿ ಲಾರೆಲ್ ಎಂದು ಬರೆದಿದ್ದರೆ ಮೂಗು ಮುರಿಯಬೇಕಾಗಿಲ್ಲ.

3. ಪಟ್ಟಿ ಮಾಡಿಕೊಳ್ಳಲು ಕೆಲವು ಹೆಸರು

ಫೆಂಡರ್‌ನದೇ ತಮ್ಮನಂಥ ಬ್ರಾಂಡ್ ಸ್ಕ್ವಾಯರ್. ಅದರಲ್ಲಿ ಸಾನಿಕ್ ಕೆಳಗಿನ ಸಾಲು, ಅಫಿನಿಟಿ ಅದರ ಮೇಲೆ, ಕ್ಲಾಸಿಕ್ ವೈಬ್ ಇನ್ನೂ ಮೇಲೆ. ಯಮಹಾದ ಪೆಸಿಫಿಕಾ 012 ಗಟ್ಟಿಮುಟ್ಟಾದ ಕೆಲಸದ ಗಿಟಾರ್. ದುಡ್ಡು ಸ್ವಲ್ಪ ಹಿಗ್ಗುವುದಾದರೆ ಪೆಸಿಫಿಕಾ 112ವಿ ನೋಡಿ. ಹಂಬಕರ್‌ನ ಒಂದೇ ಸುರುಳಿಯನ್ನು ಬಳಸುವ ಅನುಕೂಲವೂ ಅದರಲ್ಲಿದೆ, ಎಷ್ಟೋ ಜನ ಅದನ್ನು ಕೊಂಡು ಹತ್ತು ವರ್ಷ ಬೇರೆ ಗಿಟಾರಿನ ಯೋಚನೆಯನ್ನೇ ಮಾಡಿಲ್ಲ. ತೆಳು ಕತ್ತು, ವೇಗದ ನುಡಿಸಾಟ ಬೇಕಿದ್ದರೆ ಐಬನೆಜ್‌ನ ಗಿಯೋ ಸಾಲು. ಲೆಸ್ ಪಾಲ್ ಆಕಾರವೇ ಬೇಕು ಅಂದರೆ ಗಿಬ್ಸನ್‌ನ ಒಡೆತನದ ಎಪಿಫೋನ್. ಕೊರಿಯಾದ ಕೋರ್ಟ್ ಕಂಪನಿ ದೊಡ್ಡ ದೊಡ್ಡ ಬ್ರಾಂಡ್‌ಗಳಿಗೇ ಗಿಟಾರ್ ಮಾಡಿಕೊಟ್ಟ ಕಂಪನಿ. ತನ್ನ ಹೆಸರಿನಲ್ಲಿ ಮಾರುವ ಜಿ ಸಾಲಿನ ಗಿಟಾರ್‌ಗಳಲ್ಲಿ ಕೊಟ್ಟ ದುಡ್ಡಿಗೆ ಜಾಸ್ತಿಯೇ ಸಿಗುತ್ತದೆ. ಹೆಸರಿಗೆ ದುಡ್ಡು ಕೊಡುವ ಆಸೆ ಇಲ್ಲದವರು ಅದನ್ನೇ ಮೊದಲು ಕೈಗೆತ್ತಿಕೊಳ್ಳಿ.

ಹೆಸರು ಇಷ್ಟು ಸಾಕು. ಒಂದೇ ಮಾದರಿಯ ಎರಡು ಗಿಟಾರ್ ಅಕ್ಕಪಕ್ಕ ಇಟ್ಟರೆ ಒಂದು ಚೆನ್ನಾಗಿದ್ದು ಇನ್ನೊಂದು ಹಾಳಾಗಿರಬಹುದು. ಈ ಬೆಲೆಯಲ್ಲಿ ಅದು ಮಾಮೂಲು. ಅದಕ್ಕೇ ಮುಂದಿನ ಹೆಜ್ಜೆ ಎಲ್ಲಕ್ಕಿಂತ ಮುಖ್ಯ.

4. ಅಂಗಡಿಯಲ್ಲಿ ಅರ್ಧ ಗಂಟೆ

ಜೇಬಿನಲ್ಲಿ ಇಷ್ಟು ಇರಲಿ: ಫೋನಿನಲ್ಲಿ ಟ್ಯೂನರ್ ಆಪ್, ಉಬ್ಬು ಅಕ್ಷರ ಇಲ್ಲದ ಮೂರು ಎಟಿಎಂ ಕಾರ್ಡ್, ಒಂದು ವಿಸಿಟಿಂಗ್ ಕಾರ್ಡ್. ಎಟಿಎಂ ಕಾರ್ಡ್ ಯಾಕೆ ಎಂದು ನಗಬೇಡಿ, ಹೇಳುತ್ತೇನೆ. ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋದರೆ ಒಳ್ಳೆಯದು. ಶನಿವಾರ ಸಂಜೆ ಪಕ್ಕದಲ್ಲಿ ಇನ್ನೊಬ್ಬರು ಡ್ರಮ್ಸ್ ಬಡಿಯುತ್ತಿದ್ದರೆ ಏನೂ ಕೇಳಿಸುವುದಿಲ್ಲ.

ಮೊದಲು ಶ್ರುತಿ ಮಾಡಿ. ಶ್ರುತಿ ಇಲ್ಲದ ಗಿಟಾರಿನಲ್ಲಿ ತಂತಿಯ ಬಿಗಿ ಬೇರೆ ಇರುತ್ತದೆ, ಕತ್ತಿನ ಬಾಗೂ ಬೇರೆ ಇರುತ್ತದೆ, ಪರೀಕ್ಷೆಯೇ ಸುಳ್ಳಾಗುತ್ತದೆ. ಆಂಪ್‌ಗೆ ಇನ್ನೂ ಜೋಡಿಸಬೇಡಿ.

ಈಗ ಆ ಬಂದೂಕಿನ ಗುರಿ. ಬಾಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ನೋಡಿ. ತುಸು ಮುಂದಕ್ಕೆ ಬಾಗಿದ್ದರೆ ತೊಂದರೆ ಇಲ್ಲ, ಅದು ಇರಲೇಬೇಕು. ಹಾವಿನ ಹಾಗೆ ಡೊಂಕಾಗಿದ್ದರೆ, ಅಥವಾ ತಲೆಯ ಕಡೆಯ ನಟ್ (ತಂತಿಗಳು ಹಾದುಹೋಗುವ ಕೊರಕಲುಗಳಿರುವ ಪಟ್ಟಿ) ಮತ್ತು ಕೊನೆಯ ಫ್ರೆಟ್ ಒಂದಕ್ಕೊಂದು ಓರೆಯಾಗಿ ಕಂಡರೆ ಕತ್ತು ತಿರುಚಿದೆ ಎಂದರ್ಥ. ಗಿಟಾರನ್ನು ಮೆಲ್ಲಗೆ ಗೋಡೆಗೆ ನೇತುಹಾಕಿ ಮುಂದಿನದನ್ನು ಕೇಳಿ. ಎಷ್ಟು ರಿಯಾಯಿತಿ ಕೊಟ್ಟರೂ ಬೇಡ.

ಬಾಗು ಎಷ್ಟಿದೆ ಎಂದು ನೋಡಲು ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳು, ಎಂಟನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ದಪ್ಪದ ಜಾಗ ಇದ್ದರೆ ಸರಿ. ಜಾಸ್ತಿ ಇದ್ದರೆ ಕತ್ತಿನೊಳಗಿನ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳನ್ನು ತಿರುಗಿಸಿ ಸರಿ ಮಾಡಬಹುದು. ಅಂಗಡಿಯವರಿಗೇ ಮಾಡಲು ಹೇಳಿ. ಅವರು ಮಾಡುವಾಗ ಸರಳು ನಿಜವಾಗಿ ಕೆಲಸ ಮಾಡುತ್ತದೆ ಎಂಬುದೂ ನಿಮಗೆ ಖಾತ್ರಿಯಾಗುತ್ತದೆ.

ಅಂಗೈಯನ್ನು ಕತ್ತಿನ ಅಂಚಿನಲ್ಲಿ ಮೇಲಿಂದ ಕೆಳಗೆ ಜಾರಿಸಿ. ಫ್ರೆಟ್‌ನ ತುದಿಗಳು ಗರಗಸದ ಹಾಗೆ ಚುಚ್ಚುತ್ತವೆಯೇ? ಬೇಸಿಗೆಯ ಒಣ ಹವೆಗೆ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ, ತುದಿ ಹೊರಗೆ ಇಣುಕುತ್ತದೆ. ಅಲ್ಲೊಂದು ಇಲ್ಲೊಂದು ಚುಚ್ಚಿದರೆ ಅರದಿಂದ ಉಜ್ಜಿಸಬಹುದು. ಉದ್ದಕ್ಕೂ ಚುಚ್ಚಿದರೆ ಬಿಡಿ.

ಮುಂದಿನದು ಬೇಸರದ ಕೆಲಸ. ಆದರೆ ನನ್ನ ಎಂಟು ತಿಂಗಳು ಉಳಿಯುತ್ತಿದ್ದದ್ದು ಇದರಿಂದಲೇ. ಆರು ತಂತಿ, 22 ಫ್ರೆಟ್ ಇದ್ದರೆ ಒಟ್ಟು 132 ಸ್ವರ. ಒಂದೊಂದನ್ನೂ ಒತ್ತಿ ಮೀಟಿ. ಐದಾರು ನಿಮಿಷ ಹಿಡಿಯುತ್ತದೆ. ಅಂಗಡಿಯ ಹುಡುಗ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ ಬಿಡಿ. ಆಂಪ್‌ನಲ್ಲಿ ಕೇಳಿಸದಷ್ಟು ಸಣ್ಣ ಝರ್ ಸದ್ದಿಗೆ ಹೆದರಬೇಕಿಲ್ಲ. ಒಂದು ಸ್ವರ ಹುಟ್ಟಿದ ಕೂಡಲೇ ಸತ್ತುಹೋದರೆ, ಅಥವಾ ಎಂಟನೇ ಫ್ರೆಟ್ ಒತ್ತಿದರೂ ಒಂಬತ್ತನೆಯದರ ಸ್ವರವೇ ಬಂದರೆ, ಮುಂದಿನ ಫ್ರೆಟ್ ಎದ್ದು ನಿಂತಿದೆ. ಒಂದೇ ಕಡೆ ಆದರೆ ತಿಳಿದವರು ಸರಿ ಮಾಡಿಕೊಡುತ್ತಾರೆ. ಮೂರು ನಾಲ್ಕು ಕಡೆ ಆದರೆ ಆ ಗಿಟಾರ್ ನಿಮ್ಮದಲ್ಲ.

ಆಮೇಲೆ ತಂತಿ ಎಳೆಯಿರಿ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತರುತ್ತಾರಲ್ಲ, ಹಾಗೆ. ಸಣ್ಣ ಎರಡು ತಂತಿಗಳನ್ನು 12ರಿಂದ 15ನೇ ಫ್ರೆಟ್‌ವರೆಗೆ ಒಂದೊಂದರಲ್ಲೂ ಎರಡು ಫ್ರೆಟ್‌ನಷ್ಟು ಸ್ವರ ಏರುವ ತನಕ ಎಳೆದು ಹಿಡಿಯಿರಿ. ನಾದ ಮಧ್ಯದಲ್ಲೇ ಉಸಿರು ಕಟ್ಟಿದ ಹಾಗೆ ನಿಂತರೆ, ತಂತಿ ತೀರಾ ಕೆಳಗಿದೆ ಅಥವಾ ಫ್ರೆಟ್ ಏರುಪೇರಾಗಿದೆ. ಈ ಪರೀಕ್ಷೆ ಮಾಡುವವರು ಕಡಿಮೆ. ಕರ್ನಾಟಕ ಸಂಗೀತ ಗೊತ್ತಿದ್ದು ಗಿಟಾರಿಗೆ ಬರುವವರಂತೂ ಇದನ್ನು ಬಿಡಲೇಬಾರದು, ಅವರು ನುಡಿಸುವುದೇ ಎಳೆದು ಎಳೆದು.

ಈಗ ಎಟಿಎಂ ಕಾರ್ಡ್. ಒಂದು ಕಾರ್ಡಿನ ದಪ್ಪ 0.76 ಮಿಲಿಮೀಟರ್. 12ನೇ ಫ್ರೆಟ್ ಮೇಲೆ, ತಂತಿಯ ಕೆಳಗೆ ಎರಡು ಕಾರ್ಡ್ ಜೋಡಿಸಿ ತೂರಿಸಿ. ತಂತಿಯನ್ನು ಎತ್ತದೆ ಸಲೀಸಾಗಿ ಕೂತರೆ ಎತ್ತರ ಸುಮಾರು ಒಂದೂವರೆ ಮಿಲಿಮೀಟರ್, ಒಳ್ಳೆಯದು. ಮೂರು ಕಾರ್ಡ್ ಸಡಿಲವಾಗಿ ಹೋದರೆ ಎತ್ತರ ಜಾಸ್ತಿ, ಬೆರಳು ನೋಯುತ್ತದೆ. ಇದನ್ನು ಬ್ರಿಡ್ಜ್‌ನ ಸಣ್ಣ ಸ್ಕ್ರೂ ತಿರುಗಿಸಿ ಇಳಿಸಬಹುದು. ಆದರೆ ಇಳಿಸಿದ ಮೇಲೆ 132 ಸ್ವರದ ಪರೀಕ್ಷೆ ಮತ್ತೆ ಮಾಡಿ. ಎತ್ತರ ಇಟ್ಟು ಝರ್ ಸದ್ದನ್ನು ಮುಚ್ಚಿಡುವುದು ಹಳೆಯ ಉಪಾಯ.

ಬಿರಡೆ ನೋಡಲು, ಶ್ರುತಿ ಮಾಡಿದ ಮೇಲೆ ಹತ್ತು ಸಲ ಜೋರಾಗಿ ತಂತಿ ಎಳೆದು ಮತ್ತೆ ಟ್ಯೂನರ್ ಹಿಡಿಯಿರಿ. ಹೊಸ ತಂತಿ ಸ್ವಲ್ಪ ಇಳಿಯುತ್ತದೆ, ಅದು ಬಿರಡೆಯ ತಪ್ಪಲ್ಲ. ತಿರುಗಿಸುವಾಗ ಟಿಕ್ ಎಂದು ಸದ್ದು ಬಂದು ಶ್ರುತಿ ಜಿಗಿದರೆ ತಂತಿ ನಟ್‌ನ ಕೊರಕಲಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಆ ಕೊರಕಲಿಗೆ ಪೆನ್ಸಿಲ್‌ನ ಸೀಸ ಉಜ್ಜಿದರೆ ಎಷ್ಟೋ ಸಲ ಅಲ್ಲೇ ಸರಿಹೋಗುತ್ತದೆ.

ಇಷ್ಟಾದ ಮೇಲೆ ಕೇಬಲ್ ಚುಚ್ಚಿ. ಸ್ವಿಚ್‌ನ ಪ್ರತಿ ಸ್ಥಾನದಲ್ಲೂ ಸದ್ದು ಬರಬೇಕು. ನಾಬ್ ತಿರುಗಿಸುವಾಗ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು, ಬೆಂಗಳೂರಿನವರಿಗೆ ಎಸ್‌.ಪಿ. ರೋಡ್‌ನಲ್ಲಿ ಸಿಗುತ್ತದೆ. ಜಾಕ್ ಅಲುಗಾಡಿದರೆ ಒಂದು ನಟ್ ಬಿಗಿ ಮಾಡಿದರಾಯಿತು. ಇವೆಲ್ಲ ಚಿಲ್ಲರೆ ರಿಪೇರಿ. ತಮಾಷೆ ಏನು ಗೊತ್ತಾ, ಇಂಥವನ್ನು ಕಂಡು ಹೆದರಿ ಒಳ್ಳೆ ಕತ್ತಿನ ಗಿಟಾರ್ ಬಿಟ್ಟು ಬರುವವರೇ ಜಾಸ್ತಿ. ಚೌಕಾಸಿ ಮಾಡಲು ಮಾತ್ರ ಇವನ್ನು ಬಳಸಿಕೊಳ್ಳಿ.

ಊರಿನಲ್ಲಿ ಅಂಗಡಿ ಇಲ್ಲದೆ ಆನ್‌ಲೈನ್‌ನಲ್ಲೇ ತರಿಸಬೇಕಾದರೆ, ಡಬ್ಬ ತೆರೆಯುವುದನ್ನು ವಿಡಿಯೋ ಮಾಡಿ, ಇದೇ ಪರೀಕ್ಷೆಗಳನ್ನು ಅದೇ ದಿನ ಮಾಡಿ, ವಾಪಸ್ ಕಳಿಸುವ ಅವಧಿ ಮುಗಿಯುವ ತನಕ ಡಬ್ಬ ಎಸೆಯಬೇಡಿ. ಕೊಳ್ಳುವ ಮೊದಲೇ ವಾಪಸಾತಿಯ ನಿಯಮ ಓದಿ.

5. ಸೆಕೆಂಡ್ ಹ್ಯಾಂಡ್ ಎಂಬ ಸುಗ್ಗಿ

ಲಾಕ್‌ಡೌನ್‌ನಲ್ಲಿ ಗಿಟಾರ್ ಕಲಿಯುತ್ತೇನೆ ಎಂದು ಕೊಂಡು, ಮೂರು ವಾರ ನುಡಿಸಿ, ಮಂಚದ ಕೆಳಗೆ ತಳ್ಳಿದವರು ಬೇಕಾದಷ್ಟು ಜನ. ಕೆಲಸ ಬದಲಾಗಿ ಊರು ಬಿಡುವವರೂ ಮಾರುತ್ತಾರೆ. ಹೊಸ ಅಗ್ಗದ ಗಿಟಾರಿನ ದುಡ್ಡಿಗೆ ಒಂದು ದರ್ಜೆ ಮೇಲಿನದು ಸಿಗುವುದು ಇಲ್ಲೇ. ಅಂಗಡಿಯ ಎಲ್ಲ ಪರೀಕ್ಷೆಯ ಜೊತೆ ಇನ್ನು ಮೂರು ಸೇರಿಸಿ. ಮೊದಲ ಐದು ಫ್ರೆಟ್‌ಗಳಲ್ಲಿ ತಂತಿ ಒತ್ತಿ ಒತ್ತಿ ಗುಳಿ ಬಿದ್ದಿದೆಯೇ ನೋಡಿ. ಲೆಸ್ ಪಾಲ್ ಮಾದರಿಯಾದರೆ ತಲೆ ಮತ್ತು ಕತ್ತು ಸೇರುವ ಜಾಗದ ಹಿಂಭಾಗದಲ್ಲಿ ಕೂದಲೆಳೆಯಂಥ ಬಿರುಕಿದೆಯೇ ನೋಡಿ, ಕೆಳಗೆ ಬಿದ್ದರೆ ಅದು ಮುರಿಯುವುದು ಅಲ್ಲಿಯೇ. ಟ್ರಸ್ ರಾಡ್‌ನ ಸ್ಕ್ರೂ ತಲೆ ಸವೆದಿದೆಯೇ ನೋಡಿ.

20,000ಕ್ಕೆ ಅಸಲಿ ಗಿಬ್ಸನ್ ಎಂದು ಯಾರಾದರೂ ಹೇಳಿದರೆ ನಕ್ಕು ಚಹಾ ಕುಡಿದು ಬನ್ನಿ.

6. ಮನೆಗೆ ಎಷ್ಟು ವ್ಯಾಟ್ ಬೇಕು?

ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಉತ್ತರ: ನೀವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ. 10 ವ್ಯಾಟ್‌ನಿಂದ 20ಕ್ಕೆ ಹೋದರೆ ಸದ್ದು 3 ಡೆಸಿಬೆಲ್ ಅಷ್ಟೇ ಜಾಸ್ತಿ. ಕಿವಿಗೆ ಎರಡು ಪಟ್ಟು ಕೇಳಬೇಕಾದರೆ ಸುಮಾರು 10 ಪಟ್ಟು ವ್ಯಾಟ್ ಬೇಕು. ಬಾಡಿಗೆ ಮನೆಯಲ್ಲಿ, ಗೋಡೆಯಾಚೆ ಓನರ್ ಇರುವಾಗ, 10 ವ್ಯಾಟ್‌ನ ನಾಬ್ ಅರ್ಧ ದಾಟುವುದೇ ಅಪರೂಪ.

ವ್ಯಾಟ್‌ಗಿಂತ ಸ್ಪೀಕರ್‌ನ ಅಳತೆ ನೋಡಿ. 3 ಇಂಚಿನ ಸ್ಪೀಕರ್‌ಗೂ 6 ಇಂಚಿನದಕ್ಕೂ ಇರುವ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. 8 ಇಂಚು ಇದ್ದರೆ ದಪ್ಪ ತಂತಿಗಳಿಗೆ ಎದೆ ಬರುತ್ತದೆ. ಎರಡನೆಯದು, ಹೆಡ್‌ಫೋನ್ ಕಿಂಡಿ ಇರಲೇಬೇಕು. ಮೂರನೆಯದು, ಫೋನಿನಿಂದ ಹಾಡು ಹಾಕಿ ಜೊತೆಗೆ ನುಡಿಸಲು ಆಕ್ಸ್ ಕಿಂಡಿ ಅಥವಾ ಬ್ಲೂಟೂತ್. ಅಭ್ಯಾಸ ಬೇಸರವಾಗದೆ ನಡೆಯುವುದು ಇದರಿಂದ.

ಹೆಸರು ಹೇಳುವುದಾದರೆ, ಫೆಂಡರ್ ಫ್ರಂಟ್‌ಮ್ಯಾನ್ 10ಜಿ ಸಾದಾ ಸೀದಾ ಆಂಪ್. 10 ವ್ಯಾಟ್, 6 ಇಂಚು, ಎರಡೂ ಕಿಂಡಿ ಇವೆ. ಕ್ಲೀನ್, ಅಂದರೆ ಒಡಕಿಲ್ಲದ ಸದ್ದು ಚೆಂದ, ಡಿಸ್ಟಾರ್ಷನ್ ಅಷ್ಟಕ್ಕಷ್ಟೆ. ವಾಕ್ಸ್ ಪಾತ್‌ಫೈಂಡರ್ 10ರಲ್ಲಿ ಆಕ್ಸ್ ಇಲ್ಲ, ಆದರೆ ಆರೂವರೆ ಇಂಚಿನ ಸ್ಪೀಕರ್‌ನ ನಾದ ಬೆಲೆಗೆ ಮೀರಿದ್ದು. ಕಾರ್ಡ್ ನುಡಿಸಿಕೊಂಡು ಹಾಡುವವರಿಗೆ ನನ್ನ ಆಯ್ಕೆ ಅದೇ. ಆರೆಂಜ್ ಕ್ರಷ್ 12 ರಾಕ್ ಇಷ್ಟಪಡುವವರಿಗೆ. ಬಾಸ್ ಕಂಪನಿಯ ಕಟಾನಾ ಮಿನಿ 7 ವ್ಯಾಟ್‌ನದು, ಆರು ಎಎ ಸೆಲ್ ಹಾಕಿದರೆ ಕರೆಂಟ್ ಇಲ್ಲದೆಯೂ ನುಡಿಯುತ್ತದೆ. ಬೆಸ್ಕಾಂನವರು ಕೈಕೊಟ್ಟ ಸಂಜೆ ಇದರ ಬೆಲೆ ತಿಳಿಯುತ್ತದೆ. ಬಜೆಟ್ ಹಿಗ್ಗಿದರೆ ಫೆಂಡರ್ ಮಸ್ಟಾಂಗ್ ಎಲ್‌ಟಿ25. ಹತ್ತಾರು ಆಂಪ್‌ಗಳ ನಕಲು ಸದ್ದು ಅದರೊಳಗೇ ಇದೆ. ಒಂದೇ ಎಚ್ಚರಿಕೆ ಏನೆಂದರೆ, ಹೊಸಬರು ಸದ್ದು ಬದಲಾಯಿಸುತ್ತಾ ಕೂತು ಗಿಟಾರ್ ನುಡಿಸುವುದನ್ನೇ ಮರೆಯುತ್ತಾರೆ. ಹಳೆ ರೇಡಿಯೋದ ಹಾಗೆ ಗಾಜಿನ ವಾಲ್ವ್ ಇರುವ ಆಂಪ್‌ನ ಕನಸು ಸದ್ಯಕ್ಕೆ ಬೇಡ. ಅದರ ಸೊಗಸು ಬರುವುದು ಜೋರಾಗಿ ಇಟ್ಟಾಗ.

ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಇರುವವರಿಗೆ ಆಂಪೇ ಬೇಡ. ವಾಕ್ಸ್ ಆಂಪ್‌ಪ್ಲಗ್ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದು, ನೇರ ಗಿಟಾರಿಗೇ ಚುಚ್ಚಿ ಹೆಡ್‌ಫೋನ್ ಹಾಕಿಕೊಂಡರಾಯಿತು. ಎನ್‌ಯುಎಕ್ಸ್ ಮೈಟಿ ಪ್ಲಗ್, ಫೆಂಡರ್ ಮಸ್ಟಾಂಗ್ ಮೈಕ್ರೋ ಇದೇ ಜಾತಿಯವು, ಇನ್ನಷ್ಟು ಸದ್ದುಗಳಿವೆ. ಕಂಪ್ಯೂಟರ್ ಇದ್ದು, ಗಿಟಾರನ್ನು ಅದಕ್ಕೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಕೂಡ ಇದ್ದರೆ, ಆಂಪ್‌ಗಳ ಸದ್ದನ್ನು ನಕಲು ಮಾಡುವ ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ.

ಮನೆಯ ಹೋಂ ಥಿಯೇಟರ್‌ಗೇ ಚುಚ್ಚಿದರೆ ಆಗದೇ? ಸದ್ದು ಬರುತ್ತದೆ, ಆದರೆ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ. ಗಿಟಾರಿನ ಪಿಕಪ್‌ಗೆ ಸುಮಾರು 1 ಮೆಗಾ ಓಮ್‌ನ ಕಿಂಡಿ ಬೇಕು. ಹಾಡು ಕೇಳುವ ಯಂತ್ರಗಳ ಕಿಂಡಿಯಲ್ಲಿ ಅದು ತೀರಾ ಕಡಿಮೆ. ಮೇಲಿನ ಸ್ವರಗಳ ಹೊಳಪೆಲ್ಲ ಅಲ್ಲೇ ಸೋರಿಹೋಗುತ್ತದೆ.

ಆಂಪ್ ಪರೀಕ್ಷೆ ಮಾಡುವಾಗ ಒಂದು ನಿಯಮ. ಮನೆಯಲ್ಲಿ ಎಷ್ಟು ಸದ್ದು ಇಡುತ್ತೀರೋ ಅಂಗಡಿಯಲ್ಲೂ ಅಷ್ಟೇ ಇಟ್ಟು, ಎಫೆಕ್ಟ್ ಎಲ್ಲ ಆಫ್ ಮಾಡಿ, ಕ್ಲೀನ್ ಕೇಳಿ. ಜೋರು ಸದ್ದಿನಲ್ಲಿ ಎಲ್ಲ ಆಂಪ್ ಚೆನ್ನಾಗಿಯೇ ಕೇಳುತ್ತದೆ.

7. ಗುಂಯ್ ಸದ್ದು, ಅರ್ಥಿಂಗ್, ಫ್ಯಾನ್ ರೆಗ್ಯುಲೇಟರ್

ಹೊಸ ಆಂಪ್ ತಂದ ರಾತ್ರಿಯೇ "ಇದು ಗುಂಯ್ ಅನ್ನುತ್ತೆ, ಕೆಟ್ಟಿದೆ" ಎಂದು ಫೋನ್ ಬರುತ್ತದೆ. ಹೆಚ್ಚಿನ ಸಲ ಕೆಟ್ಟಿರುವುದು ಮನೆಯ ವೈರಿಂಗ್. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಗಿಟಾರ್ ಸರಿಯಾಗಿಯೇ ಇದೆ. ನುಣ್ಣಗೆ ತಿರುಗುವ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಮತ್ತು ಲೈಟಿನ ಡಿಮ್ಮರ್ ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಬಿಡುತ್ತವೆ. ಆ ಕಿರಿಕಿರಿ ಸಿಂಗಲ್ ಕಾಯಿಲ್‌ಗೆ ನೇರ ಬಂದು ಸೇರುತ್ತದೆ. ಫ್ಯಾನ್ ಆಫ್ ಮಾಡಿ ನೋಡಿ. ಕಂಪ್ಯೂಟರ್, ಟಿವಿ, ಇನ್ವರ್ಟರ್‌ನಿಂದ ದೂರ ಕೂತು, ಗಿಟಾರನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ನೋಡಿ. ಒಂದು ದಿಕ್ಕಿನಲ್ಲಿ ಸದ್ದು ಅರ್ಧಕ್ಕಿಳಿಯುತ್ತದೆ. ನಾನು ಇಂದಿಗೂ ಕಿಟಕಿಗೆ ಮುಖ ಮಾಡಿಯೇ ನುಡಿಸುವುದು, ನೋಟಕ್ಕಾಗಿ ಅಲ್ಲ.

ಒಂದು ವಿಷಯ ಮಾತ್ರ ತಮಾಷೆ ಅಲ್ಲ. ಆಂಪ್‌ನ ಮೂರು ಪಿನ್ ಪ್ಲಗ್‌ನಲ್ಲಿ ದಪ್ಪ ಪಿನ್ ಅರ್ಥಿಂಗ್‌ನದು. ಅದನ್ನು ಮುರಿಯಬೇಡಿ, ಎರಡು ಪಿನ್ ಅಡಾಪ್ಟರ್ ಹಾಕಬೇಡಿ. ಗಿಟಾರಿನ ಲೋಹದ ತಂತಿಗಳು ಕೇಬಲ್ ಮೂಲಕ ಆಂಪ್‌ನ ಅರ್ಥ್‌ಗೇ ಸೇರಿರುತ್ತವೆ. ಆಂಪ್‌ನಲ್ಲಿ ದೋಷ ಬಂದು, ಗೋಡೆಯಲ್ಲಿ ಅರ್ಥಿಂಗೂ ಇಲ್ಲದಿದ್ದರೆ, ಕರೆಂಟ್ ಬರುವುದು ನಿಮ್ಮ ಬೆರಳಿಗೆ. ತಂತಿ ಮುಟ್ಟಿದಾಗ ಚುರ್ ಎಂದರೆ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಹಳೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ಥ್ ವೈರೇ ಇಲ್ಲದಿರುವುದನ್ನು ಕಣ್ಣಾರೆ ಕಂಡಿದ್ದೇನೆ.

8. ಮನೆಯಲ್ಲಿ ಸೆಟಪ್

ಮೊದಲ ಸಲ ತಿಳಿದವರ ಹತ್ತಿರ ಮಾಡಿಸಿ, ಪಕ್ಕದಲ್ಲಿ ಕೂತು ನೋಡಿ. ಎರಡನೇ ಸಲದಿಂದ ನೀವೇ ಮಾಡಬಹುದು. ಕ್ರಮ ಮಾತ್ರ ತಪ್ಪಬಾರದು: ಹೊಸ ತಂತಿ, ಶ್ರುತಿ, ಕತ್ತಿನ ಬಾಗು, ತಂತಿಯ ಎತ್ತರ, ಕೊನೆಗೆ ಇಂಟೋನೇಷನ್. ಹಿಂದು ಮುಂದಾದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ತಂತಿ 09ರ ಸೆಟ್ (ಅತಿ ಸಣ್ಣ ತಂತಿಯ ದಪ್ಪ 0.009 ಇಂಚು) ತಗೊಳ್ಳಿ, ಬೆರಳಿಗೆ ಹಗುರ. ಬಾಗು ಜಾಸ್ತಿ ಇದ್ದರೆ ಟ್ರಸ್ ರಾಡ್ ಅನ್ನು ಗಡಿಯಾರದ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ, ನೋಡಿ. ಒಂದೇ ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಬಿಗಿಯಾಗಿ ತಡೆದರೆ ಬಲ ಹಾಕಲೇಬೇಡಿ.

ಇಂಟೋನೇಷನ್ ಅಂದರೆ ಮೇಲಿನ ಫ್ರೆಟ್‌ಗಳಲ್ಲೂ ಸ್ವರ ಶುದ್ಧವಾಗಿ ಇರುವುದು. ತಂತಿಯನ್ನು 12ನೇ ಫ್ರೆಟ್‌ನ ನೇರ ಮೇಲೆ ಒತ್ತದೆ ಸುಮ್ನೆ ಮುಟ್ಟಿ ಮೀಟಿದರೆ ಗಂಟೆಯಂಥ ಸ್ವರ ಬರುತ್ತದೆ. ಆಮೇಲೆ ಅದೇ ಫ್ರೆಟ್ ಒತ್ತಿ ಮೀಟಿ. ಟ್ಯೂನರ್‌ನಲ್ಲಿ ಎರಡೂ ಒಂದೇ ಇರಬೇಕು. ಒತ್ತಿದ್ದು ಮೇಲಿದ್ದರೆ ಬ್ರಿಡ್ಜ್‌ನ ಸ್ಯಾಡಲ್, ಅಂದರೆ ತಂತಿ ಕೂರುವ ಸಣ್ಣ ತುಂಡನ್ನು, ಹಿಂದಕ್ಕೆ, ಕತ್ತಿನಿಂದ ದೂರಕ್ಕೆ, ಸರಿಸಿ. ಕೆಳಗಿದ್ದರೆ ಮುಂದಕ್ಕೆ ಸರಿಸಿ.

ಮಂಗಳೂರು, ಉಡುಪಿ, ಕಾರವಾರದವರಿಗೆ ಮಳೆಗಾಲದಲ್ಲಿ ಇನ್ನೊಂದು ಕೆಲಸ ಇದೆ. ಉಪ್ಪು ಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಬ್ಯಾಗಿನೊಳಗೆ ಹಾಕಿಡಿ. ತೇವಕ್ಕೆ ಕತ್ತು ಸ್ವಲ್ಪ ಮುಂದಕ್ಕೆ ಬಾಗಿ ತಂತಿ ಎತ್ತರವಾಗುವುದು ಸಾಮಾನ್ಯ. ಜೂನ್‌ನಲ್ಲಿ ಒಮ್ಮೆ, ಫೆಬ್ರುವರಿಯಲ್ಲಿ ಒಮ್ಮೆ ವಿಸಿಟಿಂಗ್ ಕಾರ್ಡ್ ಹಿಡಿದು ನೋಡಿ.

ಆರು ತಿಂಗಳಾದ ಮೇಲೆ ಪಿಕಪ್ ಬದಲಾಯಿಸಬೇಕು ಎಂಬ ತುರಿಕೆ ಶುರುವಾಗುತ್ತದೆ, ಎಲ್ಲರಿಗೂ ಆಗುತ್ತದೆ. ದುಡ್ಡು ಖರ್ಚು ಮಾಡುವ ಮೊದಲು ಪಿಕಪ್‌ನ ಎರಡೂ ತುದಿಯ ಸ್ಕ್ರೂಗಳನ್ನು ತಿರುಗಿಸಿ ಒಂದೊಂದು ಮಿಲಿಮೀಟರ್ ಇಳಿಸಿ ಕೇಳಿ, ಆಮೇಲೆ ಏರಿಸಿ ಕೇಳಿ. ತಂತಿಗೆ ತೀರಾ ಹತ್ತಿರ ಇದ್ದರೆ ಆಯಸ್ಕಾಂತ ತಂತಿಯನ್ನು ಎಳೆದು ಸ್ವರ ನಡುಗುತ್ತದೆ. ನನ್ನ ಈಗಿನ ಗಿಟಾರಿಗೆ ಹೊಸ ಪಿಕಪ್ ಎಂದು ಕೂಡಿಟ್ಟಿದ್ದ ದುಡ್ಡು ಒಂದು ಸ್ಕ್ರೂಡ್ರೈವರ್‌ನಿಂದ ಉಳಿಯಿತು. ಅದರಲ್ಲಿ ನಾಲ್ಕು ಸೆಟ್ ತಂತಿ ತಂದಿಟ್ಟಿದ್ದೇನೆ.